ಬ್ಯಾಟರಿ ಸತ್ತಿಲ್ಲ ಮಾರಾಯ್ತಿ!

ಜೀಪು ಸ್ಟಾರ್ಟ್ ಆಗ್ಲಿಲ್ಲ ಅಂದ್ರೆ ಸಾಕು, ‘ಬ್ಯಾಟರಿ ಹೋಯ್ತು, ಹೊಸದು ತರ್ಬೇಕು’ ಅಂತಾರೆ. ದೋಸೆ ಏಳ್ಲಿಲ್ಲ ಅಂತ ನಾವು ಕಾವಲಿ ಬಿಸಾಡ್ತೇವಾ?

ನಮ್ಮನೆಯವರೂ ಪೇಟೆಗೆ ಹೊರಟಿದ್ರು. ನಾನು ಬಾನೆಟ್ ಎತ್ತಿ ನೋಡಿದ್ರೆ ಟರ್ಮಿನಲ್ ತುಂಬಾ ಬಿಳಿ-ಹಸಿರು ಪುಡಿ! ಕೈಗೆ ಗ್ಲೌಸ್ ಹಾಕಿ, ಮೊದ್ಲು ಮೈನಸ್, ಆಮೇಲೆ ಪ್ಲಸ್ ವೈರು ಬಿಚ್ಚಿದೆ. ಬಿಸಿನೀರಿಗೆ ಅಡುಗೆ ಸೋಡಾ ಹಾಕಿ, ಹಳೇ ಹಲ್ಲುಜ್ಜೋ ಬ್ರಶ್ಶಲ್ಲಿ ತಿಕ್ಕಿ ಒರೆಸಿದೆ. ಪ್ಲಸ್ ಮೊದ್ಲು, ಮೈನಸ್ ಕೊನೆಗೆ ಬಿಗಿದು, ಮೇಲೆ ವ್ಯಾಸಲೀನ್ ಸವರಿದೆ. ಒಂದೇ ಸಲಕ್ಕೆ ಸ್ಟಾರ್ಟು!

ಮಳೆಗಾಲದಲ್ಲಿ ನಮ್ಮ ಗುಡ್ಡ ಹತ್ತೋದು ಅದೊಂದೇ. ರಾತ್ರಿ ಅತ್ತೆಗೆ ಉಬ್ಬಸ ಬಂದ್ರೆ ‘ಅದು ಗಂಡಸರ ಕೆಲ್ಸ’ ಅಂತ ಕೂತ್ರೆ ಆಗ್ತದಾ? ಬ್ರೇಕಿನ ವಿಷ್ಯ ಮಾತ್ರ ಮೆಕ್ಯಾನಿಕ್‌ಗೇ ಬಿಡಿ, ಅಲ್ಲಿ ಜಿಪುಣತನ ಬೇಡ. ಉಳಿದದ್ದಕ್ಕೆ ದುಡ್ಡು ಬಿಚ್ಚೋ ಮೊದ್ಲು ಬಾನೆಟ್ ಬಿಚ್ಚಿ.