ಒಂದು ಕುಣಿಕೆ ಜಾರಿದರೆ ಇಡೀ ಸ್ವೆಟರ್ ಬಿಚ್ಚಬೇಕೇ?

ಕೈಯಲ್ಲಿ ಸ್ವೆಟರ್, ಕುಲಾವಿ ಹೆಣೆಯಲು ಕಲಿಯುವವರಿಗೆ ಮೂರು ಸಲಹೆಗಳು ಆಗಾಗ ಸಿಗುತ್ತವೆ. ಕುಣಿಕೆ ಜಾರಿದರೆ ಪೂರ್ತಿ ಬಿಚ್ಚಿ. ಅಂಚು ಸುರುಳಿ ಸುತ್ತಿದರೆ ಇಸ್ತ್ರಿ ಹಾಕಿ. ಅಳತೆ ದೊಡ್ಡದಾದರೆ ಬಿಸಿನೀರಿನಲ್ಲಿ ನೆನೆಸಿ. ಇವುಗಳಲ್ಲಿ ಎಷ್ಟು ನಿಜ? ಸುಮ್ಮನೆ ಹೆದರಿ ಬಿಚ್ಚಿದರೆ ವಾರಗಟ್ಟಲೆಯ ಕೆಲಸ ಹಾಳು. ಸರಿಪಡಿಸಲೇಬೇಕಾದ ತಪ್ಪನ್ನು ಹಾಗೇ ಬಿಟ್ಟರೆ ಮಗುವಿನ ಬೆರಳಿಗೇ ಅಪಾಯವಾಗಬಹುದು. ಹಾಗಾಗಿ ಒಂದೊಂದಾಗಿ ನೋಡೋಣ.

ಜಾರಿದ ಕುಣಿಕೆ: ಬಿಚ್ಚಬೇಕಿಲ್ಲ

ಹೆಣಿಗೆಯಲ್ಲಿ ಪ್ರತಿ ಕುಣಿಕೆಯೂ ತನ್ನ ಕೆಳಗಿನ ಕುಣಿಕೆಯೊಳಗಿಂದ ಮೇಲೆ ಬಂದಿರುತ್ತದೆ. ಮೇಲಿನದು ಜಾರಿದರೆ ಅದರ ನೇರ ಕೆಳಗಿನದು ಸಡಿಲವಾಗುತ್ತದೆ, ಆಮೇಲೆ ಅದರ ಕೆಳಗಿನದು. ಸಾದಾ ಹೆಣಿಗೆಯಲ್ಲಿ ಈ ಬಿರುಕು ಏಣಿಯಂತೆ ಕೆಳಗಿಳಿಯುತ್ತದೆಯೇ ಹೊರತು ಪಕ್ಕಕ್ಕೆ ಹರಡುವುದಿಲ್ಲ.

ಮೊದಲು ಆ ಕುಣಿಕೆಗೆ ಸೇಫ್ಟಿ ಪಿನ್ ಹಾಕಿ, ಏಣಿ ಅಲ್ಲಿಗೇ ನಿಲ್ಲುತ್ತದೆ. ನಯವಾದ ಸೀದಾ ಬದಿ ನಿಮ್ಮ ಕಡೆಗಿರಲಿ. ಕ್ರೋಶಾ ಕಡ್ಡಿಯನ್ನು ಮುಂದಿನಿಂದ ಕುಣಿಕೆಯೊಳಗೆ ತೂರಿಸಿ, ಅದರ ಮೇಲಿನ ಮೊದಲ ಅಡ್ಡ ಎಳೆಯನ್ನು ಹಿಡಿದು ಕುಣಿಕೆಯ ಮೂಲಕ ನಿಮ್ಮ ಕಡೆಗೆ ಎಳೆಯಿರಿ. ಒಂದು ಸಾಲು ಸರಿಯಾಯಿತು. ಅಡ್ಡ ಎಳೆಗಳು ಮುಗಿಯುವವರೆಗೆ ಹೀಗೇ ಮಾಡಿ, ಕುಣಿಕೆಯನ್ನು ತಿರುಚದೆ ಎಡಗೈ ಕಡ್ಡಿಗೆ ಹಾಕಿ. ಎಲ್ಲ ಸಾಲೂ ಸೀದಾ ಹೆಣೆದ ಬಟ್ಟೆಯಾದರೆ ಒಂದು ಎಳೆಯನ್ನು ಮುಂದಿನಿಂದ, ಮತ್ತೊಂದನ್ನು ಹಿಂದಿನಿಂದ ಎಳೆಯಬೇಕು.

ಸುರುಳಿ ಸುತ್ತುವ ಅಂಚು: ಅದು ತಪ್ಪೇ ಅಲ್ಲ

ಒಂದು ಸಾಲು ಸೀದಾ, ಒಂದು ಸಾಲು ಉಲ್ಟಾ ಹೆಣೆದರೆ ಬಟ್ಟೆಯ ಎರಡು ಬದಿಗಳ ರಚನೆ ಬೇರೆ ಬೇರೆಯಾಗುತ್ತದೆ. ಆ ಎಳೆತಕ್ಕೆ ಪಕ್ಕದ ಅಂಚುಗಳು ಹಿಂದಕ್ಕೂ ಮೇಲೆ ಕೆಳಗಿನ ಅಂಚುಗಳು ಮುಂದಕ್ಕೂ ಮಡಚಿಕೊಳ್ಳುತ್ತವೆ. ಒಂದೇ ದಾರವಾದರೂ ಕುಣಿಕೆಗಳ ಜೋಡಣೆ ಬದಲಾದರೆ ಬಟ್ಟೆ ಹಿಗ್ಗುವ ರೀತಿ ಬದಲಾಗುತ್ತದೆ ಎಂಬುದನ್ನು ಅಮೆರಿಕದ ಜಾರ್ಜಿಯಾ ಟೆಕ್‌ನ ಭೌತವಿಜ್ಞಾನಿ ಎಲಿಸಬೆಟ್ಟಾ ಮಾಟ್ಸುಮೋಟೋ ಅವರ ತಂಡ 2024ರಲ್ಲಿ ವಿವರಿಸಿದೆ.

ಪರಿಹಾರ ಇಸ್ತ್ರಿಯಲ್ಲ. ಅಕ್ರಿಲಿಕ್ ದಾರ ಒಂದು ಬಗೆಯ ಪ್ಲಾಸ್ಟಿಕ್. ಹೆಚ್ಚು ಬಿಸಿ ತಗುಲಿದರೆ ಚಪ್ಪಟೆಯಾಗಿ, ಪುಟಿಯುವ ಗುಣವನ್ನೇ ಕಳೆದುಕೊಳ್ಳುತ್ತದೆ. ಅಂಚಿನ ನಾಲ್ಕೈದು ಕುಣಿಕೆಗಳನ್ನು ಎಲ್ಲ ಸಾಲಿನಲ್ಲೂ ಸೀದಾ ಹೆಣೆಯಿರಿ. ಮೊದಲ ಮತ್ತು ಕೊನೆಯ ಕೆಲವು ಸಾಲುಗಳನ್ನೂ ಹಾಗೇ ಹೆಣೆದರೆ ಬಟ್ಟೆ ಸಪಾಟಾಗಿ ಕೂರುತ್ತದೆ.

ಬಿಸಿನೀರು: ಹಿಂದಿರುಗಲಾಗದ ದಾರಿ

ಕುರಿಯ ಉಣ್ಣೆಯ ಎಳೆಯ ಮೇಲೆ ಸೂಕ್ಷ್ಮವಾದ ಹುರುಪೆಗಳಿರುತ್ತವೆ. ಬಿಸಿನೀರಿನಲ್ಲಿ ಉಜ್ಜಿದಾಗ ಅವು ಒಂದಕ್ಕೊಂದು ಸಿಕ್ಕಿಕೊಂಡು ಬಟ್ಟೆ ಗಟ್ಟಿ ಕಂಬಳಿಯಂತಾಗುತ್ತದೆ. ಎಷ್ಟು ಕುಗ್ಗುತ್ತದೆ ಎಂಬುದು ನಮ್ಮ ಹಿಡಿತದಲ್ಲಿರುವುದಿಲ್ಲ, ಮತ್ತೆ ಬಿಡಿಸಲೂ ಆಗುವುದಿಲ್ಲ. ಅಕ್ರಿಲಿಕ್ ಆದರೆ ಹೀಗೆ ಕಂಬಳಿಗಟ್ಟುವುದೇ ಇಲ್ಲ.

ಅಳತೆಯ ತಪ್ಪು ಮಾತ್ರ ನಿಜಕ್ಕೂ ಬಿಚ್ಚಬೇಕಾದ ತಪ್ಪು. 10 ಸೆಂ.ಮೀ.ಗೆ 20 ಕುಣಿಕೆ ಎಂಬ ಲೆಕ್ಕದಲ್ಲಿ 200 ಕುಣಿಕೆ ಹಾಕಿದರೆ ಸುತ್ತಳತೆ 100 ಸೆಂ.ಮೀ. ನಿಮ್ಮ ಕೈ ಬಿಗಿಯಾಗಿದ್ದು 10 ಸೆಂ.ಮೀ.ಗೆ 22 ಕುಣಿಕೆ ಬಂದರೆ ಅದೇ 200 ಕುಣಿಕೆಗೆ ಸಿಗುವುದು ಸುಮಾರು 91 ಸೆಂ.ಮೀ. ಮಾತ್ರ. ಆದ್ದರಿಂದ ಮೊದಲೇ ಅಂಗೈಗಿಂತ ದೊಡ್ಡದಾದ ಒಂದು ತುಂಡು ಹೆಣೆದು ತಣ್ಣೀರಿನಲ್ಲಿ ಒಗೆದು, ಒಣಗಿಸಿ, ಅಳೆದು ನೋಡಿ.

ಸಾಲು ಸಾಲಿಗೂ ಅಗಲವಾಗುತ್ತಿದೆಯೇ?

ಸಾಮಾನ್ಯ ಕಾರಣ ಮೊದಲ ಕುಣಿಕೆ. ದಾರ ಕಡ್ಡಿಯ ಮೇಲಿನಿಂದ ಹಿಂದಕ್ಕೆ ಹೋದರೆ ಆ ಕುಣಿಕೆಯ ಎರಡು ಎಳೆಗಳು ಎರಡು ಕುಣಿಕೆಗಳಂತೆ ಕಾಣುತ್ತವೆ. ಎರಡನ್ನೂ ಹೆಣೆದರೆ ಒಂದು ಹೆಚ್ಚಾಗುತ್ತದೆ. ಸಾಲು ಶುರುಮಾಡುವ ಮುನ್ನ ದಾರವನ್ನು ಕಡ್ಡಿಯ ಕೆಳಗಿನಿಂದ ತನ್ನಿ. ಪ್ರತಿ ಸಾಲಿನ ಕೊನೆಗೆ ಕುಣಿಕೆ ಎಣಿಸಿದರೆ ತಪ್ಪು ಒಂದು ಸಾಲಿನಾಚೆ ಹೋಗುವುದಿಲ್ಲ.

ಕಡೆಗಣಿಸಬಾರದ ತಪ್ಪು

ಹೊರಗೆ ಕಾಣುವ ಒಂದು ಡೊಂಕು ಕುಣಿಕೆಯಿಂದ ಮಗುವಿಗೆ ಏನೂ ಆಗುವುದಿಲ್ಲ. ಆದರೆ ಕಾಲುಚೀಲ, ಕೈಚೀಲಗಳ ಒಳಗೆ ಸಡಿಲವಾಗಿ ಉಳಿದ ಎಳೆ ಅಪಾಯಕಾರಿ. ಕೂದಲು ಅಥವಾ ದಾರ ಹಸುಗೂಸಿನ ಬೆರಳಿಗೆ ಸುತ್ತಿಕೊಂಡು ರಕ್ತಸಂಚಾರವನ್ನೇ ತಡೆಯಬಹುದು. ಇದು ವೈದ್ಯರಿಗೆ ಗೊತ್ತಿರುವ ತೊಂದರೆ. ಹೆಣೆದು ಮುಗಿದ ಮೇಲೆ ದಾರದ ತುದಿಗಳನ್ನು ಸೂಜಿಯಿಂದ ಕುಣಿಕೆಗಳೊಳಗೆ ಹೊಲಿದು ಬಿಡಿ. ತೊಡಿಸುವ ಮುನ್ನ ಪ್ರತಿ ಸಲವೂ ಒಳಮೈ ಹೊರಗೆ ತಿರುಗಿಸಿ ನೋಡಿ. ಮಗು ಸುಮ್ಮನಾಗದೆ ಅಳುತ್ತಿದ್ದರೆ ಬೆರಳುಗಳನ್ನೂ ಪರೀಕ್ಷಿಸಿ. ಬೆರಳು ಊದಿ ಕೆಂಪಾಗಿದ್ದು ಎಳೆ ಸುಲಭವಾಗಿ ಬಿಡದಿದ್ದರೆ ತಕ್ಷಣ ಆಸ್ಪತ್ರೆಗೆ ಹೋಗಿ.

ಹೆಣಿಗೆಯ ಸಲಹೆ ಫಾರ್ವರ್ಡ್ ಮಾಡುವುದಾದರೆ ಈ ಕೊನೆಯದನ್ನು ಮೊದಲು ಕಳಿಸಿ.