ಆಡಿಗೂ ಒಂದು ತಕ್ಕಡಿ ಬೇಕು

ಮುಂಬೈ, ಪುಣೆ, ಹೈದರಾಬಾದಿನ ಮಟನ್ ಅಂಗಡಿಯಲ್ಲಿ ಐವತ್ತು ಗ್ರಾಂ ಕಡಿಮೆಯಾದರೂ ಗಿರಾಕಿ ಸುಮ್ಮನಿರುವುದಿಲ್ಲ. ಅದೇ ಆಡು ಹಳ್ಳಿಯ ಸಂತೆಯಲ್ಲಿ ಮಾರಾಟವಾದಾಗ ಮಾತ್ರ ಅದನ್ನು ಸಾಮಾನ್ಯವಾಗಿ ಯಾರೂ ತೂಗಿರುವುದಿಲ್ಲ. ಬೀದರ, ಕಲಬುರಗಿಯಿಂದ ಸೋಲಾಪುರ, ಧಾರಾಶಿವದವರೆಗಿನ ಒಣಸೀಮೆಯಲ್ಲಿ ವ್ಯಾಪಾರಿ ಆಡಿನ ಬೆನ್ನು, ಸೊಂಟ ಮುಟ್ಟಿ ನೋಡಿ ದರ ಹೇಳುತ್ತಾನೆ. ದಿನಾ ಹತ್ತಾರು ಆಡು ನೋಡುವ ಅವನ ಅಂದಾಜು ತಪ್ಪುವುದು ಅಪರೂಪ. ವರ್ಷಕ್ಕೆ ಮೂರೋ ನಾಲ್ಕೋ ಮಾರುವ ಹೆಣ್ಣುಮಗಳದು ತಪ್ಪುತ್ತದೆ.

25 ಕಿಲೋ ಆಡನ್ನು 22 ಕಿಲೋ ಎಂದುಕೊಂಡು ಮಾರಿದಳೆನ್ನಿ. ಜೀವಂತ ತೂಕಕ್ಕೆ ಕಿಲೋಗೆ 400 ರೂಪಾಯಿ ಹಿಡಿದರೂ 1,200 ರೂಪಾಯಿ ಕೈಬಿಟ್ಟಂತೆ.

ಸರ್ಕಾರದ ಯೋಜನೆಗಳಿಗೆ ಆಡು ಹಂಚುವುದೆಂದರೆ ಪ್ರೀತಿ. ಆದರೆ ಕೊರತೆ ಇರುವುದು ಆಡಿನದಲ್ಲ. 2019ರ ಜಾನುವಾರು ಗಣತಿಯಂತೆ ದೇಶದಲ್ಲಿ ಸುಮಾರು 14.9 ಕೋಟಿ ಆಡುಗಳಿದ್ದವು, 2012ಕ್ಕಿಂತ ಶೇ. 10ರಷ್ಟು ಹೆಚ್ಚು. ಉಸ್ಮಾನಾಬಾದಿ ತಳಿಯಂತೂ ಅವಳಿ ಮರಿಗೆ ಹೆಸರಾದದ್ದು.

ಹಾಲಿನಲ್ಲಿ ಏನಾಯಿತೆಂದು ನೋಡಬೇಕು. ಗುಜರಾತಿನ ಆಣಂದದಲ್ಲಿ 1946ರಲ್ಲಿ ಶುರುವಾದ ಸಹಕಾರ ಪದ್ಧತಿ ಹಳ್ಳಿಯಲ್ಲೇ ಹಾಲನ್ನು ಅಳೆದು, ಕೊಬ್ಬಿನಂಶ ನೋಡಿ ದುಡ್ಡು ಕೊಡುವುದನ್ನು ರೂಢಿಗೆ ತಂದಿತು. ಅಳತೆ ಎದುರಿಗೇ ಆದಾಗ ಒಂದೇ ಎಮ್ಮೆ ಇದ್ದವಳೂ ಲೆಕ್ಕ ಕೇಳುವಂತಾದಳು. ಆಡು ಹಾಲಿನಂತೆ ದಿನಾ ಮಾರುವ ಸರಕಲ್ಲ, ನಿಜ. ಹಾಗಾಗಿ ದಿನಾ ತೂಗಬೇಕಿಲ್ಲ. ತಿಂಗಳಿಗೊಂದು ದಿನ ಸಾಕು.

ಆ ದಿನ ಬೇರೆ ಕೆಲಸಗಳೂ ಆಗುತ್ತವೆ. ತೂಕ ಏರದ ಮರಿಗೆ ಜಂತುಹುಳುವಿನ ಔಷಧ ಬೇಕೇ ಎಂಬುದು ಗೊತ್ತಾಗುತ್ತದೆ. ಹಿಂಡಿಗೆ ಹಿಂಡನ್ನೇ ಕೆಡವುವ ಪಿಪಿಆರ್ ರೋಗಕ್ಕೆ ಲಸಿಕೆ ಹಾಕಬಹುದು. ಒಮ್ಮೆ ಹಾಕಿದರೆ ಸುಮಾರು ಮೂರು ವರ್ಷ ರಕ್ಷಣೆ. ಹತ್ತು ಮನೆಯವರು ಒಟ್ಟಿಗೆ ಮಾರಲು ನಿಂತರೆ ವ್ಯಾಪಾರಿಯೇ ಊರಿಗೆ ಬರುತ್ತಾನೆ.

ತಕ್ಕಡಿಯಿಂದ ಎಲ್ಲವೂ ಸರಿಹೋಗದು. ಆಸ್ಪತ್ರೆಯ ಖರ್ಚಿಗೆಂದು ಇಂದೇ ಮಾರಬೇಕಾದವಳಿಗೆ ತೂಕ ಗೊತ್ತಿದ್ದರೂ ಕಾಯುವ ಶಕ್ತಿ ಇರುವುದಿಲ್ಲ. ಅವಳಿಗೆ ಸ್ವಸಹಾಯ ಸಂಘದ ಕೈಗಡ ಬೇಕು. ಬಕ್ರೀದ್ ಹೊತ್ತಿನಲ್ಲಿ ತೂಕಕ್ಕಿಂತ ರೂಪಕ್ಕೆ, ವಯಸ್ಸಿಗೆ ಬೆಲೆ. ಕುರ್ಬಾನಿಯ ಆಡಿಗೆ ವರ್ಷ ತುಂಬಿರಬೇಕು. ಹಬ್ಬವೋ ವರ್ಷವರ್ಷ ಹತ್ತು-ಹನ್ನೊಂದು ದಿನ ಹಿಂದೆ ಸರಿಯುತ್ತದೆ. ಆಡು ಗಬ್ಬವಾಗಿ ಈಯಲು ಐದು ತಿಂಗಳು. ಅಂದರೆ ಒಂದೂವರೆ ವರ್ಷ ಮೊದಲೇ ಲೆಕ್ಕ ಹಾಕಬೇಕು. ಆ ಲೆಕ್ಕವನ್ನು ಹೇಳಿಕೊಡುವವರು ಊರಲ್ಲಿರಬೇಕು.

ಇಷ್ಟಾದರೂ ಮೊದಲ ಹೆಜ್ಜೆ ತಕ್ಕಡಿಯೇ. ಮರದ ಕೊಂಬೆಗೆ ನೇತುಹಾಕಿ ತೂಗುವ ತಕ್ಕಡಿ ಬೆಳೆದ ಒಂದು ಆಡಿಗಿಂತ ಅಗ್ಗ. ಹತ್ತು ಆಡು ಹಂಚುವ ಕಡೆ ಒಂಬತ್ತು ಆಡು, ಒಂದು ತಕ್ಕಡಿ ಕೊಟ್ಟರೂ ಪಡೆದವರಿಗೆ ನಷ್ಟವಿಲ್ಲ.