ಬಾಣಂತಿಯ ಭಯಕ್ಕೆ ನೂಲು ಕಟ್ಟಿದರೆ ಸಾಕೇ?

ತಾಯಿ-ಮಗು ಇಬ್ಬರೂ ಕ್ಷೇಮ ಎಂಬ ಸುದ್ದಿ ಊರಿಗೆ ತಲುಪಿದೊಡನೆ ನಮ್ಮ ಆತಂಕ ಮುಗಿಯುತ್ತದೆ. ಅಕೀಕಾದ ಚರ್ಚೆ ಆರಂಭವಾಗುತ್ತದೆ. ಆದರೆ ನಾಪೋಕ್ಲು ಅಥವಾ ಸಿದ್ದಾಪುರದ ತೋಟದ ಬದಿಯ ಮನೆಯಿಂದ ಮಳೆಗಾಲದ ರಾತ್ರಿ ರಕ್ತಸ್ರಾವದೊಂದಿಗೆ ಹೊರಟು, ಮೈಸೂರಿನ ದಾರಿಯುದ್ದಕ್ಕೂ ಸಾವನ್ನೇ ನಿರೀಕ್ಷಿಸಿದ ಹೆಣ್ಣಿನ ಪಾಲಿಗೆ ಆ ರಾತ್ರಿ ಮುಗಿದಿರುತ್ತದೆಯೇ? ತಿಂಗಳು ಕಳೆದರೂ ಆಂಬುಲೆನ್ಸ್ ಸದ್ದಿಗೆ ಆಕೆಯ ಮೈ ನಡುಗುತ್ತದೆ. ಅದೇ ದೃಶ್ಯ ಕನಸಿನಲ್ಲಿ ಮರಳುತ್ತದೆ. ಆಸ್ಪತ್ರೆಯ ಹೆಸರೆತ್ತಿದರೆ ಮುಖ ತಿರುಗಿಸುತ್ತಾಳೆ. ಕೆಲವೊಮ್ಮೆ ಹೆತ್ತ ಮಗುವನ್ನು ಎತ್ತಿಕೊಳ್ಳಲೂ ಹೆದರುತ್ತಾಳೆ.

ಇದನ್ನು ಕಂಡ ಮನೆಯವರು ಜಿನ್ನ್ ಬಾಧೆ ಎನ್ನುತ್ತಾರೆ; ನೂಲು ಮಂತ್ರಿಸಿ ಕಟ್ಟಿಸುತ್ತಾರೆ. ಓದು ಬಲ್ಲವರು ಈಮಾನಿನ ಕೊರತೆ ಎಂದು ತೀರ್ಪು ಕೊಡುತ್ತಾರೆ. ಎರಡನೆಯದು ಮೊದಲನೆಯದಕ್ಕಿಂತ ಕ್ರೂರ. ಹೆರಿಗೆ ನೋವಿನಲ್ಲಿ ಖರ್ಜೂರದ ಬುಡಕ್ಕೆ ಒರಗಿದ ಮರ್ಯಮ್(ಅ) ಇದಕ್ಕಿಂತ ಮೊದಲೇ ತಾನು ಸತ್ತಿದ್ದರೆ ಚೆನ್ನಾಗಿತ್ತೆಂದು ಹಂಬಲಿಸಿದರೆಂದು ಪವಿತ್ರ ಕುರ್‌ಆನ್ ತಿಳಿಸುತ್ತದೆ. ಅವರಿಗೆ ದೊರೆತದ್ದು ಸಾಂತ್ವನ, ನೀರು ಮತ್ತು ಆಹಾರ. ಗದರಿಕೆಯಲ್ಲ. ನಿಫಾಸ್‌ನ ದಿನಗಳಲ್ಲಿ ನಮಾಝ್‌ನಿಂದಲೇ ವಿನಾಯಿತಿ ನೀಡಿದ ಶರೀಅತ್ತಿನ ಹೆಸರಿನಲ್ಲಿ ಬಾಣಂತಿಯನ್ನು ಗದರಿಸಲು ನಮಗೆ ಅಧಿಕಾರ ಕೊಟ್ಟವರಾರು?

2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲಗಳಲ್ಲಿ ಗುಡ್ಡ ಕುಸಿದಾಗ, ಮಳೆಯ ಸದ್ದಿಗೆ ಬೆಚ್ಚುವವರನ್ನು ಕೊಡಗಿನಲ್ಲಿ ಯಾರೂ ಹೇಡಿಗಳೆನ್ನಲಿಲ್ಲ. ಆಘಾತ ಮನಸ್ಸಿನಲ್ಲಿ ಉಳಿಯುತ್ತದೆಂದು ಎಲ್ಲರೂ ಒಪ್ಪಿದರು. ಹೆರಿಗೆಯ ಆಘಾತವೂ ಅದೇ ಜಾತಿಯದು. ಸಾಮಾನ್ಯವಾಗಿ ಹೆತ್ತವರಲ್ಲಿ ನೂರಕ್ಕೆ ಸುಮಾರು ನಾಲ್ವರು, ಅಪಾಯದ ಹೆರಿಗೆ ಕಂಡವರಲ್ಲಿ ಇನ್ನೂ ಹೆಚ್ಚು ಮಂದಿ ಇದಕ್ಕೆ ತುತ್ತಾಗುತ್ತಾರೆಂದು ಹಲವು ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿದವರು ಲೆಕ್ಕ ಹಾಕಿದ್ದಾರೆ.

ಚಿಕಿತ್ಸೆ ಇದೆ. ಅದನ್ನು ಗುಂಪಿನಲ್ಲೂ ನೀಡಬಹುದು. ಆರೆಂಟು ತಾಯಂದಿರು, ಮಡಿಲಲ್ಲಿ ಮಕ್ಕಳು, ತರಬೇತಿ ಪಡೆದ ಒಬ್ಬ ಆಪ್ತಸಮಾಲೋಚಕಿ, ವಾರಕ್ಕೊಂದು ಬೈಠಕ್. ಮೊದಲು ಉಸಿರನ್ನು, ನಡುಕವನ್ನು ಹತೋಟಿಗೆ ತರುವ ಅಭ್ಯಾಸ. ಧೈರ್ಯ ಬಂದ ಮೇಲೆ ಮಾತು. ಯಾರನ್ನೂ ಬಲವಂತವಾಗಿ ಮಾತನಾಡಿಸುವಂತಿಲ್ಲ. ಹೆರಿಗೆಯಾದ ಮರುದಿನವೇ ಕೂರಿಸಿ ಎಲ್ಲವನ್ನೂ ಹೇಳಿಸುವುದರಿಂದ ಪ್ರಯೋಜನವಿಲ್ಲವೆಂದು ಅನುಭವ ತೋರಿಸಿದೆ. ಅಲ್ಲಿ ಆಡಿದ ಮಾತು ಅಲ್ಲೇ ಉಳಿಯಬೇಕು (ಇದು ನಮ್ಮ ಊರುಗಳಲ್ಲಿ ಅತ್ಯಂತ ಕಷ್ಟದ ಷರತ್ತು!). ಇಲ್ಲದ ದನಿಗಳನ್ನು ಕೇಳುವ, ಮಗುವಿಗೆ ಕೇಡು ಮಾಡುವ ಮಾತಾಡುವ ಬಾಣಂತಿಗೆ ಮಾತ್ರ ಗುಂಪು ಸಾಲದು. ಆಕೆಯನ್ನು ಅಂದೇ ಆಸ್ಪತ್ರೆಗೆ ಒಯ್ಯಬೇಕು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2009ರಿಂದ ತಾಯಿ-ಮಗುವಿಗೆ ಒಟ್ಟಿಗೆ ಇರುವ ವಾರ್ಡ್ ಇದೆ. ಮೂರು ವರ್ಷದೊಳಗಿನ ಮಗುವನ್ನು ಚಿಕಿತ್ಸೆಯ ವೇಳೆ ತಾಯಿಯಿಂದ ಸಾಮಾನ್ಯವಾಗಿ ಬೇರ್ಪಡಿಸಬಾರದೆಂದು 2017ರ ಮಾನಸಿಕ ಆರೋಗ್ಯ ಕಾಯ್ದೆಯೇ ಹೇಳುತ್ತದೆ.

ತಜ್ಞರಿಲ್ಲ, ಹಣವಿಲ್ಲ ಎಂಬ ನೆಪ ಬೇಡ. ಪಾಕಿಸ್ತಾನದ ರಾವಲ್ಪಿಂಡಿಯ ಹಳ್ಳಿಗಳಲ್ಲಿ ಅತೀಫ್ ರಹ್ಮಾನ್ ಮತ್ತು ಸಂಗಡಿಗರು ಸಾಮಾನ್ಯ ಆರೋಗ್ಯ ಕಾರ್ಯಕರ್ತೆಯರಿಗೇ ತರಬೇತಿ ನೀಡಿ ಖಿನ್ನ ತಾಯಂದಿರ ಮನೆಗಳಿಗೆ ಕಳಿಸಿದರು. 2008ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಹೆರಿಗೆಯಾಗಿ ಆರು ತಿಂಗಳಾದಾಗ ಅವರಲ್ಲಿ ನೂರಕ್ಕೆ 23 ಮಂದಿಯಲ್ಲಿ ಮಾತ್ರ ಖಿನ್ನತೆ ಉಳಿದಿತ್ತು. ಆ ನೆರವು ಸಿಗದವರಲ್ಲಿ 53. ಅದು ಖಿನ್ನತೆಯ ಚಿಕಿತ್ಸೆ, ಆಘಾತದ್ದಲ್ಲ, ನಿಜ. ಆದರೆ ದೊಡ್ಡ ಪದವಿಯಿಲ್ಲದ ಮಹಿಳೆಯರೂ ಕಲಿತು ಮಾಡಬಲ್ಲರೆಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಕೊಡಗಿನಲ್ಲಿ ಇದಕ್ಕೆ ಇನ್ನೊಂದು ಕಾರಣವೂ ಇದೆ. ನಮ್ಮ ಮನೆಗಳಲ್ಲಿ ಮಲಯಾಳಂ, ಉರ್ದು, ಬ್ಯಾರಿ, ಕೊಡವ ತಕ್ಕ್ ಮಾತನಾಡುವವರಿದ್ದಾರೆ. ಹೆರಿಗೆ ಕೋಣೆಯಲ್ಲಿ ಬೈಗುಳ ತಿಂದ ನೋವನ್ನು ಆಕೆ ಕನ್ನಡದಲ್ಲಿ, ಪುರುಷ ವೈದ್ಯರ ಮುಂದೆ, ಐದು ನಿಮಿಷದಲ್ಲಿ ಹೇಳಿ ಮುಗಿಸಬೇಕೇ?

ಮಡಿಕೇರಿ, ವಿರಾಜಪೇಟೆ, ಸುಂಟಿಕೊಪ್ಪದ ಜಮಾಅತ್ ಸಮಿತಿಗಳು ಮದ್ರಸಾದ ಒಂದು ಕೋಣೆಯನ್ನು ವಾರಕ್ಕೆ ಎರಡು ಗಂಟೆ ಬಿಟ್ಟುಕೊಡಲಿ. ನೆರೆಯ ಹಿಂದೂ, ಕ್ರೈಸ್ತ ತಾಯಂದಿರಿಗೂ ಅದು ತೆರೆದಿರಲಿ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ಅಧಿಕಾರಿಗಳಿಗೆ ಲಿಖಿತ ಮನವಿ ಕೊಟ್ಟು ಸಮಾಲೋಚಕಿಯನ್ನು ಕೇಳಲಿ. ಅಲ್ಲಿಯವರೆಗೆ, ಹಗಲು-ರಾತ್ರಿ ಕನ್ನಡದಲ್ಲೂ ಉಚಿತವಾಗಿ ಉತ್ತರಿಸುವ ಟೆಲಿ-ಮಾನಸ್ ಸಂಖ್ಯೆ 14416 ಅನ್ನು ಮುಂದಿನ ಶುಕ್ರವಾರ ಖುತ್ಬಾದ ಬಳಿಕ ಓದಿ ಹೇಳಲು ಯಾವ ಸಮಿತಿಯ ಠರಾವೂ ಬೇಕಿಲ್ಲ.